ಎಸ್‌ಎಂಪಿಎಸ್ ಕೈಕೊಡುತ್ತಿದೆಯಾ? ಲಕ್ಷಣ ಹಿಡಿದು ಒಳಗಿನ ಗುಣಮಟ್ಟದವರೆಗೆ

ಕೋಲಾರ, ಮಾಲೂರು, ಶ್ರೀನಿವಾಸಪುರದ ಕಡೆಯಿಂದ "ಮದರ್‌ಬೋರ್ಡ್ ಹೋಗಿದೆ" ಅಂತ ರಿಪೇರಿಗೆ ಬರುವ ಡೆಸ್ಕ್‌ಟಾಪ್‌ಗಳಲ್ಲಿ ಎಷ್ಟೋ ಸಲ ಬೋರ್ಡು ಸರಿಯಾಗೇ ಇರುತ್ತೆ, ಅದಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್ ಸುಸ್ತಾಗಿರುತ್ತೆ. ಕ್ಯಾಬಿನೆಟ್ ಜೊತೆಗೇ ಪುಕ್ಕಟೆ ಬಂದ ಪೆಟ್ಟಿಗೆಯಾದರೆ ಅನುಮಾನವನ್ನು ಮೊದಲು ಅದರ ಮೇಲೇ ಇಡಿ. ಅಗ್ಗದ ಎಸ್‌ಎಂಪಿಎಸ್‌ನಲ್ಲಿ ಕೆಟ್ಟುಹೋದ ಭಾಗಕ್ಕಿಂತ ಹಾಕದೇ ಬಿಟ್ಟ ಭಾಗದ ಕಾಟವೇ ಜಾಸ್ತಿ. ಕೆಳಗಿನ ಪ್ರತಿ ಲಕ್ಷಣದ ಹಿಂದೆಯೂ ಏನು ಸುಟ್ಟಿದೆ ಅನ್ನುವುದರ ಜೊತೆಗೆ ಏನು ಇಲ್ಲ ಅನ್ನುವುದನ್ನೂ ಹುಡುಕುತ್ತಾ ಹೋಗೋಣ.

ಮೊದಲು ಜೀವದ ಮಾತು

ಕ್ಯಾಬಿನೆಟ್ ಬಾಗಿಲು ತೆಗೆಯುವುದು ಬೇರೆ, ಎಸ್‌ಎಂಪಿಎಸ್ ಪೆಟ್ಟಿಗೆಯ ನಾಲ್ಕು ಸ್ಕ್ರೂ ತೆಗೆಯುವುದು ಬೇರೆ. ಕ್ಯಾಬಿನೆಟ್ ಒಳಗೆ ನಿಮ್ಮ ಕೈಗೆ ಸಿಗುವುದು ಹೆಚ್ಚೆಂದರೆ 12 ವೋಲ್ಟ್. ಎಸ್‌ಎಂಪಿಎಸ್ ಒಳಗೆ 230 ವೋಲ್ಟ್ ಎಸಿಯನ್ನು ಡಿಸಿ ಮಾಡಿ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಟ್ಟಿರುತ್ತಾರೆ. ಅಲ್ಲಿ ಸುಮಾರು 320 ವೋಲ್ಟ್ ಇರುತ್ತೆ, ಆ್ಯಕ್ಟಿವ್ ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಮಾಡೆಲ್ ಆದರೆ 380ರಿಂದ 400. ಪ್ಲಗ್ ಕಿತ್ತ ಮೇಲೂ ಅದು ಅಲ್ಲೇ ಕೂತಿರಬಹುದು. ಅದನ್ನು ನಿಧಾನವಾಗಿ ಇಳಿಸುವುದಕ್ಕೆಂದೇ ಒಂದು ರೆಸಿಸ್ಟರ್ ಇರಬೇಕು, ಅಗ್ಗದ ಮಾಲಿನಲ್ಲಿ ಕೆಲವೊಮ್ಮೆ ಅದನ್ನೂ ಹಾಕಿರುವುದಿಲ್ಲ.

ಆದ್ದರಿಂದ ಎಸ್‌ಎಂಪಿಎಸ್ ತೆರೆಯದೆ ಮಾಡಬಹುದಾದ ಪರೀಕ್ಷೆಗಳನ್ನು ಯಾರು ಬೇಕಾದರೂ ಮಾಡಬಹುದು. ತೆರೆಯುವ ಭಾಗ ಕೊನೆಯಲ್ಲಿದೆ. ಟಿವಿ, ಯುಪಿಎಸ್ ಬೋರ್ಡುಗಳ ಮೇಲೆ ಕೈ ಪಳಗಿದವರಿಗೆ ಮಾತ್ರ ಅದು.

ಢಂ ಅಂದಿದ್ದರೆ, ಹೊಗೆ ಬಂದಿದ್ದರೆ, ಕನೆಕ್ಟರ್ ಕರಗಿದ್ದರೆ, ಹಾಕಿದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಮುಂದಿನ ಯಾವ ಪರೀಕ್ಷೆಯೂ ಬೇಡ. "ಇನ್ನೊಂದು ಸಲ ಹಾಕಿ ನೋಡೋಣ" ಅನ್ನುವ ಆಸೆಗೆ ಎಷ್ಟೋ ಹಾರ್ಡ್‌ಡಿಸ್ಕ್‌ಗಳು ಬಲಿಯಾಗಿವೆ.

"ಒತ್ತಿದರೆ ಏನೂ ಆಗ್ತಿಲ್ಲ"

ಖರ್ಚಿಲ್ಲದ ಕೆಲಸ ಮೊದಲು. ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಯ 3 ಪಿನ್ ಸಾಕೆಟ್ಟಿಗೆ ಹಾಕಿ. ಪವರ್ ಕೇಬಲ್ ಬದಲಿಸಿ, ಮಾನಿಟರಿನ ಕೇಬಲ್ಲೇ ಇದಕ್ಕೂ ಆಗುವುದು ಸಾಮಾನ್ಯ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆನ್ ಇದೆಯಾ ನೋಡಿ. ಕಸ ಗುಡಿಸುವಾಗ ಪೊರಕೆ ತಗುಲಿ ಆಫ್ ಆಗಿರುತ್ತೆ, ನಗಬೇಡಿ. ಹಳೇ ಮಾಡೆಲ್‌ನಲ್ಲಿ 115/230 ಅನ್ನುವ ಕೆಂಪು ಸ್ವಿಚ್ ಒಂದಿರುತ್ತೆ. ಅದು 230ರಲ್ಲೇ ಇರಬೇಕು. ಮಕ್ಕಳು ಅದನ್ನು 115ಕ್ಕೆ ತಳ್ಳಿ ನಮ್ಮ ಕರೆಂಟು ಕೊಟ್ಟರೆ ಒಳಗಿನ ಕೆಪಾಸಿಟರ್ ಸಿಡಿಯುತ್ತೆ.

ಆಮೇಲೆ ಮದರ್‌ಬೋರ್ಡ್ ಮೇಲಿನ ಸಣ್ಣ ಎಲ್‌ಇಡಿ, ಇಲ್ಲವೇ ನೆಟ್‌ವರ್ಕ್ ಕೇಬಲ್ ಹತ್ತಿರದ ದೀಪ ನೋಡಿ. ಕಂಪ್ಯೂಟರ್ ಆಫ್ ಇದ್ದಾಗಲೂ ಅದು ಉರಿಯುತ್ತಿದ್ದರೆ 5 ವೋಲ್ಟಿನ ಸ್ಟ್ಯಾಂಡ್‌ಬೈ ಲೈನು ಜೀವಂತವಾಗಿದೆ ಅಂತ ಅರ್ಥ. ಆಗ ಅನುಮಾನ ಕ್ಯಾಬಿನೆಟ್ ಮುಂಬದಿಯ ಪವರ್ ಬಟನ್ ಮೇಲೆ. ಬೋರ್ಡಿನಲ್ಲಿ ಪವರ್ ಸ್ವಿಚ್ಚಿನ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿ. ಆನ್ ಆಯಿತೇ? ಬಟನ್ ಕೆಟ್ಟಿದೆ, ಸದ್ಯಕ್ಕೆ ರೀಸೆಟ್ ಬಟನ್ನಿನ ವೈರನ್ನು ಅಲ್ಲಿಗೆ ಚುಚ್ಚಿಕೊಳ್ಳಿ.

ದೀಪವೇ ಇಲ್ಲದಿದ್ದರೆ ಮಲ್ಟಿಮೀಟರ್ ತೆಗೆಯಿರಿ. 24 ಪಿನ್ ಕನೆಕ್ಟರಿನ ನೇರಳೆ ವೈರಿಗೂ ಕಪ್ಪು ವೈರಿಗೂ ನಡುವೆ 4.75ರಿಂದ 5.25 ವೋಲ್ಟ್ ಬರಬೇಕು. ಸೊನ್ನೆ ಇದ್ದರೆ ಎಸ್‌ಎಂಪಿಎಸ್ ಸತ್ತಿರುವ ಸಾಧ್ಯತೆಯೇ ಹೆಚ್ಚು.

ನೇರಳೆಯಲ್ಲಿ 5 ವೋಲ್ಟ್ ಇದ್ದೂ ಮೆಷಿನ್ ಏಳದಿದ್ದರೆ ಕ್ಲಿಪ್ ಪರೀಕ್ಷೆ. ಎಲ್ಲ ಕನೆಕ್ಟರುಗಳನ್ನೂ ಬೋರ್ಡಿನಿಂದ ಬಿಡಿಸಿ, ಪ್ಲಗ್ ಕಿತ್ತು, 24 ಪಿನ್‌ನ ಹಸಿರು ವೈರನ್ನು ಅದರ ಪಕ್ಕದ ಕಪ್ಪಿಗೆ ಒಂದು ಪೇಪರ್ ಕ್ಲಿಪ್‌ನಿಂದ ಸೇರಿಸಿ, ಆಮೇಲೆ ಕರೆಂಟು ಕೊಡಿ. ಹಸಿರಿನ ಎರಡೂ ಬದಿಗೆ ಕಪ್ಪೇ ಇರುತ್ತೆ, ಗುರುತು ಸುಲಭ. ವೈರುಗಳೆಲ್ಲ ಕಪ್ಪಾಗಿರುವ ಹೊಸ ಮಾಡೆಲ್ ಆದರೆ ಬಣ್ಣ ಬಿಟ್ಟು ಪಿನ್ ಸಂಖ್ಯೆ ಹಿಡಿಯಬೇಕು, ಹಸಿರಿನದು 16ನೆಯದು. ಲೋಡಿಗೆ ಹಳೇ ಹಾರ್ಡ್‌ಡಿಸ್ಕ್ ಒಂದನ್ನು ಸಿಕ್ಕಿಸಿದರೆ ಒಳ್ಳೆಯದು, ಲೋಡ್ ಇಲ್ಲದಿದ್ದರೆ ಹಳೇ ವಿನ್ಯಾಸದವು ಅಡ್ಡಾದಿಡ್ಡಿ ವೋಲ್ಟೇಜ್ ತೋರಿಸುತ್ತವೆ.

ಈಗ ಕಪ್ಪು ವೈರಿಗೂ ಒಂದೊಂದು ಬಣ್ಣಕ್ಕೂ ನಡುವೆ ಅಳೆಯಿರಿ: ಹಳದಿಯಲ್ಲಿ 11.40ರಿಂದ 12.60, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಬರಬೇಕು. ಬೂದು ವೈರಿಗೆ ಸುಮಾರು 5 ವೋಲ್ಟ್ ಬರಬೇಕು. "ಎಲ್ಲ ಲೈನೂ ಸರಿಯಿದೆ, ಶುರು ಮಾಡಬಹುದು" ಅಂತ ಎಸ್‌ಎಂಪಿಎಸ್ ಬೋರ್ಡಿಗೆ ಹೇಳುವುದು ಅದರ ಮೂಲಕವೇ. ಒಳ್ಳೆಯದರಲ್ಲಿ ಇದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ತಡವಾಗಿ ಬರುತ್ತೆ. ತೀರಾ ಅಗ್ಗದವುಗಳಲ್ಲಿ ಈ ಬೂದು ವೈರನ್ನು ಒಳಗೇ 5 ವೋಲ್ಟಿಗೆ ಬೆಸೆದು ಕೈ ತೊಳೆದುಕೊಂಡಿರುತ್ತಾರೆ. ಆಗ ಅದು ಯಾವಾಗಲೂ "ಸರಿ" ಅನ್ನುತ್ತಲೇ ಇರುತ್ತೆ.

ಫ್ಯಾನ್ ತಿರುಗಿತು ಅಂದ ಮಾತ್ರಕ್ಕೆ ಎಸ್‌ಎಂಪಿಎಸ್ ಚೆನ್ನಾಗಿದೆ ಅಂತಲ್ಲ. ಈ ಪರೀಕ್ಷೆ ಸತ್ತಿದ್ದನ್ನು ತೋರಿಸುತ್ತೆ, ಸೋತಿದ್ದನ್ನು ತೋರಿಸುವುದಿಲ್ಲ.

"ಬೆಳಿಗ್ಗೆ ಏಳಲ್ಲ, ನಾಲ್ಕು ಸಲ ಒತ್ತಿದ ಮೇಲೆ ಏಳುತ್ತೆ"

ಡಿಸೆಂಬರ್, ಜನವರಿಯ ಚಳಿಯಲ್ಲಿ ಈ ದೂರು ಹೆಚ್ಚು. ಮಧ್ಯಾಹ್ನ ಸರಾಗವಾಗಿ ಆನ್ ಆಗುತ್ತೆ, ಬೆಳಿಗ್ಗೆ ಸತಾಯಿಸುತ್ತೆ. ಕಾರಣ ಹೆಚ್ಚಾಗಿ ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ತಣ್ಣಗಿದ್ದಾಗ ಅದರ ಒಳತಡೆ ಏರುತ್ತೆ, ಸ್ಟ್ಯಾಂಡ್‌ಬೈ ಲೈನು ಅಲುಗಾಡುತ್ತೆ. ಸ್ವಲ್ಪ ಬೆಚ್ಚಗಾದ ಮೇಲೆ ಹೇಗೋ ನಿಭಾಯಿಸುತ್ತೆ.

ಸ್ಟ್ಯಾಂಡ್‌ಬೈ ಭಾಗ ದಿನದ 24 ಗಂಟೆಯೂ ದುಡಿಯುತ್ತೆ, ಅದೂ ಫ್ಯಾನ್ ನಿಂತಿರುವಾಗ. ಕೆಪಾಸಿಟರಿನ ಬಿಸಿ 10 ಡಿಗ್ರಿ ಇಳಿದರೆ ಆಯಸ್ಸು ಹೆಚ್ಚುಕಡಿಮೆ ಎರಡರಷ್ಟಾಗುತ್ತೆ, 10 ಏರಿದರೆ ಅರ್ಧ. 105 ಡಿಗ್ರಿಯದು ಹಾಕಬೇಕಾದ ಕಡೆ 85 ಡಿಗ್ರಿಯದು ಹಾಕಿದ್ದರೆ ಎರಡೇ ವರ್ಷಕ್ಕೆ ಈ ಕಥೆ ಶುರುವಾದರೂ ಆಶ್ಚರ್ಯವಿಲ್ಲ. ರಾತ್ರಿ ಗೋಡೆಯ ಸ್ವಿಚ್ಚೇ ಆಫ್ ಮಾಡಿದರೆ ಒಂದಷ್ಟು ಕಾಲ ಹೆಚ್ಚು ಬಾಳುತ್ತೆ. ಆದರೆ ಈ ಲಕ್ಷಣ ಒಮ್ಮೆ ಕಂಡ ಮೇಲೆ ಹೊಸದಕ್ಕೆ ದುಡ್ಡು ಎತ್ತಿಡಿ, ತಾನಾಗಿ ವಾಸಿಯಾಗುವ ಕಾಯಿಲೆಯಲ್ಲ.

"ಕರೆಂಟು ಹೋದ ಕೂಡಲೇ ರೀಸ್ಟಾರ್ಟ್. ಯುಪಿಎಸ್ ಇದ್ದೂ!"

ಎಲ್ಲರೂ ಯುಪಿಎಸ್ ಬ್ಯಾಟರಿಯನ್ನು ಬೈಯುತ್ತಾರೆ. ಬ್ಯಾಟರಿ ಪರೀಕ್ಷೆ ಸುಲಭ: ಕಂಪ್ಯೂಟರ್ ಬದಲು 60 ವಾಟಿನ ಬಲ್ಬ್ ಹಾಕಿ ಗೋಡೆಯ ಸ್ವಿಚ್ ಆಫ್ ಮಾಡಿ. ಬಲ್ಬ್ ಉರಿಯುತ್ತಲೇ ಇದ್ದರೆ ಯುಪಿಎಸ್ ತನ್ನ ಕೆಲಸ ಮಾಡುತ್ತಿದೆ. ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ಓಡಿಸುವವರು ಇನ್ವರ್ಟರಿನ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯಾ ಮೊದಲು ನೋಡಿ. ಸಾಮಾನ್ಯ ಮೋಡ್‌ನಲ್ಲಿದ್ದರೆ ಅದು ಬದಲಾಯಿಸಿಕೊಳ್ಳಲು ತೆಗೆದುಕೊಳ್ಳುವ ಸಮಯ ಕಂಪ್ಯೂಟರಿಗೆ ತುಂಬಾ ಜಾಸ್ತಿ.

ಅವೆರಡೂ ಸರಿ ಇದ್ದರೆ ಕಣ್ಣು ಎಸ್‌ಎಂಪಿಎಸ್‌ನ ದೊಡ್ಡ ಕೆಪಾಸಿಟರ್ ಕಡೆ ತಿರುಗಬೇಕು. ಮೇನ್ಸ್ ಹೋಗಿ ಬ್ಯಾಟರಿ ಹಿಡಿದುಕೊಳ್ಳುವ 4ರಿಂದ 10 ಮಿಲಿಸೆಕೆಂಡ್ ಕಂಪ್ಯೂಟರನ್ನು ಬದುಕಿಸುವುದು ಅದೇ. ಇಂಟೆಲ್‌ನ ಎಟಿಎಕ್ಸ್ ಮಾರ್ಗದರ್ಶಿ (ಡೆಸ್ಕ್‌ಟಾಪ್ ಎಸ್‌ಎಂಪಿಎಸ್ ಹೇಗಿರಬೇಕು ಅನ್ನುವ ದಾಖಲೆ) ಕೇಳುವುದು ಸುಮಾರು 16–17 ಮಿಲಿಸೆಕೆಂಡ್ ತಡೆದುಕೊಳ್ಳುವ ತಾಕತ್ತು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿದರೆ ಸಂಜೆ ಹೊತ್ತೇ ಯಾಕೆ ಈ ಕಾಟ ಅನ್ನುವುದು ಗೊತ್ತಾಗುತ್ತೆ. ಪಿಎಫ್‌ಸಿ ಇಲ್ಲದ ಸಾಧಾರಣ ಎಸ್‌ಎಂಪಿಎಸ್‌ನಲ್ಲಿ 200 ವೋಲ್ಟಿನ, 330 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್ ಸೀರೀಸ್‌ನಲ್ಲಿ ಇವೆ ಅಂದುಕೊಳ್ಳಿ. ಸೀರೀಸ್ ಆದ್ದರಿಂದ ಅರ್ಧವಾಗುತ್ತೆ, ಒಟ್ಟು 165. ಮೆಷಿನ್ ಗೋಡೆಯಿಂದ 200 ವಾಟ್ ಎಳೆಯುತ್ತಿದೆ, ಒಳಗಿನ ವೋಲ್ಟೇಜ್ 220ಕ್ಕೆ ಇಳಿಯುವವರೆಗೆ ತಡೆದುಕೊಳ್ಳುತ್ತೆ ಅಂತಿಟ್ಟುಕೊಳ್ಳೋಣ. ಮೇನ್ಸ್ 230 ಇದ್ದಾಗ ಕೆಪಾಸಿಟರ್ 325ರವರೆಗೆ ತುಂಬಿರುತ್ತೆ, ಸುಮಾರು 24 ಮಿಲಿಸೆಕೆಂಡ್ ಸಿಗುತ್ತೆ. ಅದೇ ಊರಿನ ಪಂಪ್‌ಸೆಟ್ಟುಗಳೆಲ್ಲ ಓಡುವಾಗ ಮೇನ್ಸ್ 180ಕ್ಕೆ ಕುಸಿದಿದ್ದರೆ? ಕೆಪಾಸಿಟರ್ ತುಂಬುವುದು 254ರವರೆಗೆ ಮಾತ್ರ, ಸಿಗುವುದು ಬರೀ 7 ಮಿಲಿಸೆಕೆಂಡ್. ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕರಗುವುದರಿಂದ ಇಷ್ಟು ಹೊಡೆತ. ಕಾಸು ಉಳಿಸಲು 330ರ ಜಾಗದಲ್ಲಿ 220 ಮೈಕ್ರೋಫ್ಯಾರಡ್ ಹಾಕಿದ್ದರೆ ಅದೂ ಇಲ್ಲ, ನಾಲ್ಕೂವರೆ. ಯುಪಿಎಸ್ ಎಷ್ಟೇ ಒಳ್ಳೆಯದಿದ್ದರೂ ಮೆಷಿನ್ ಬೀಳುತ್ತೆ.

ಹಾಗಾಗಿ ವೋಲ್ಟೇಜ್ ಇಳಿಯುವ ಹಳ್ಳಿಗಳಿಗೆ, ಲೇಬಲ್ ಮೇಲೆ ಇನ್‌ಪುಟ್ "100–240" ಅಂತ ಇದ್ದು ಹಿಂದೆ ಕೆಂಪು ಸ್ವಿಚ್ ಇಲ್ಲದ, ಆ್ಯಕ್ಟಿವ್ ಪಿಎಫ್‌ಸಿ ಮಾಡೆಲ್ಲೇ ನನ್ನ ಶಿಫಾರಸು. ಮೇನ್ಸ್ 180 ಇರಲಿ 230 ಇರಲಿ, ಅದರ ಕೆಪಾಸಿಟರ್ 380ಕ್ಕೇ ತುಂಬಿರುತ್ತೆ. ಒಂದೇ ಕಿರಿಕಿರಿ: ಚೌಕ ಅಲೆ ಕೊಡುವ ಅಗ್ಗದ ಯುಪಿಎಸ್ ಜೊತೆ ಇಂಥ ಕೆಲವು ಮಾಡೆಲ್‌ಗಳು ಹೊಂದಿಕೊಳ್ಳುವುದಿಲ್ಲ. ತರುವ ಮುಂಚೆ ಅಂಗಡಿಯಲ್ಲೇ ಜೋಡಿ ಹಾಕಿ ಪರೀಕ್ಷಿಸಿ.

"ಗೇಮ್ ಆಡಿದರೆ, ವಿಡಿಯೋ ಎಡಿಟ್ ಮಾಡಿದರೆ ಆಫ್"

ಬ್ಲೋವರ್ ಹಾಕಿ ಪ್ರೊಸೆಸರ್ ಫ್ಯಾನಿನ ಧೂಳು ತೆಗೆದು, ಬಿಸಿಯಿಂದ ಆಫ್ ಆಗುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬ್ಲೋವರ್ ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡಿದಿರಿ.

ಆಮೇಲೆ ಲೇಬಲ್ ಓದಿ. ದೊಡ್ಡಕ್ಷರದ 450 ವಾಟ್ ಮರೆತು 12 ವೋಲ್ಟಿನ ಸಾಲಿನಲ್ಲಿ ಎಷ್ಟು ಆಂಪ್ ಇದೆ ನೋಡಿ. 16 ಆಂಪ್ ಇದ್ದರೆ 12 ಗುಣಿಸು 16, ಅಂದರೆ 192 ವಾಟ್. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡೂ ತಿನ್ನುವುದು ಹೆಚ್ಚುಕಡಿಮೆ ಪೂರ್ತಿ 12 ವೋಲ್ಟಿನಿಂದಲೇ, ಆದ್ದರಿಂದ ನಿಮ್ಮ ನಿಜವಾದ ಬಂಡವಾಳ 192. ಪೆಂಟಿಯಂ 4 ಕಾಲಕ್ಕೆ, 2000ದಲ್ಲಿ, ಪ್ರೊಸೆಸರಿಗೆಂದೇ 4 ಪಿನ್‌ನ 12 ವೋಲ್ಟ್ ಕನೆಕ್ಟರ್ ಬಂತು. ಅಲ್ಲಿಂದೀಚೆಗೆ ಭಾರವೆಲ್ಲ ಆ ಕಡೆಗೇ ಹೊರಳಿತು. ಇವತ್ತಿಗೂ 5 ಮತ್ತು 3.3 ವೋಲ್ಟಿಗೆ ಜಾಸ್ತಿ ಆಂಪ್ ತೋರಿಸಿ ಹಿಗ್ಗುವ ಲೇಬಲ್ ಕಂಡರೆ ಒಳಗೆ ಹಳೇ ಸರಕಿದೆ ಅಂತ ತಿಳಿಯಿರಿ.

ಮೀಟರ್ ಇದ್ದರೆ ಮೆಷಿನ್ ಓಡುತ್ತಿರುವಾಗಲೇ ಖಾಲಿ ಬಿಟ್ಟ 4 ಪಿನ್ ಕನೆಕ್ಟರಿನ (ಪ್ರೊಸೆಸರಿನದಲ್ಲ, ಡಿಸ್ಕಿಗೆ ಹಾಕುವ ಮೋಲೆಕ್ಸ್) ಹಳದಿ, ಕೆಂಪು ಎರಡನ್ನೂ ಅಳೆಯಿರಿ. ಚೂಪು ತುದಿ ಒಂದು ಪಿನ್‌ನಿಂದ ಇನ್ನೊಂದಕ್ಕೆ ತಗುಲದಂತೆ ಎಚ್ಚರ. ಲೋಡ್ ಏರಿದಂತೆ 12 ವೋಲ್ಟ್ 11.5ರ ಕಡೆ ಜಾರಿ, ಅದೇ ಹೊತ್ತಿಗೆ 5 ವೋಲ್ಟ್ 5.2ರ ಕಡೆ ಏರುತ್ತಿದೆಯಾ? ಎರಡಕ್ಕೂ ಒಂದೇ ಲಗಾಮು ಹಾಕಿರುವ ಗ್ರೂಪ್ ರೆಗ್ಯುಲೇಷನ್ ವಿನ್ಯಾಸ ಅದು. ಒಂದನ್ನು ಎತ್ತಲು ಹೋಗಿ ಇನ್ನೊಂದನ್ನೂ ಎತ್ತುತ್ತೆ. ಒಳ್ಳೆಯ ಮಾಡೆಲ್‌ಗಳಲ್ಲಿ 5 ಮತ್ತು 3.3ಕ್ಕೆ ಬೇರೆ ಸಣ್ಣ ಬೋರ್ಡುಗಳೇ ಇರುತ್ತವೆ, ಈ ಏರುಪೇರು ಕಾಣುವುದಿಲ್ಲ. 11.4ಕ್ಕಿಂತ ಕೆಳಗೆ ಹೋದರೆ ಬಳಸುವುದು ನಿಲ್ಲಿಸಿ. ಬಯೋಸ್ (BIOS) ಪರದೆಯಲ್ಲಿ ಕಾಣುವ ವೋಲ್ಟೇಜ್ ಅಂದಾಜಿಗೆ ಮಾತ್ರ.

"ಸಿಪಿಯು ಮುಟ್ಟಿದರೆ ಜುಮ್ ಅನ್ನುತ್ತೆ"

ನಮ್ಮ ಜಿಲ್ಲೆಯ ಖಾಸಾ ದೂರು ಇದು. ಟೊಮೆಟೊ ಮಂಡಿಯ ಲೆಕ್ಕದ ಕೋಣೆಗಳಲ್ಲಿ, ಕಾಂಕ್ರೀಟ್ ನೆಲದ ಮೇಲೆ ಬರಿಗಾಲಲ್ಲಿ ಕೂತು ಬಿಲ್ ಹಾಕುವವರಿಂದ ತುಂಬಾ ಕೇಳಿದ್ದೇನೆ.

"ಏನಣ್ಣಾ, ಹೊಸ ಡಬ್ಬಿ ಹಾಕ್ಕೊಟ್ರಿ, ಮುಟ್ಟಿದ್ರೆ ಕರೆಂಟ್ ಹೊಡೀತೈತೆ. ಹಳೇದು ಹಿಂಗೆ ಹೊಡೀತಿರ್ಲಿಲ್ಲ."

ಅವರು ಹೇಳುವುದು ನಿಜ. ಮತ್ತು ತಪ್ಪು ಹೊಸದರದ್ದಲ್ಲ! ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಗಲಿಬಿಲಿ ಅಲೆಗಳನ್ನು (ನಾಯ್ಸ್) ಅರ್ಥ್‌ಗೆ ಇಳಿಸಲು ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕೇಸಿಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತೆ, ವೈ ಕೆಪಾಸಿಟರ್ ಅನ್ನುತ್ತಾರೆ. ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ ಇವೆರಡರ ನಡುವೆ ಸಿಕ್ಕಿಕೊಂಡ ಕೇಸು ಸುಮಾರು 115 ವೋಲ್ಟಿನಲ್ಲಿ ತೇಲುತ್ತೆ. ಹರಿಯುವ ಕರೆಂಟು ಒಂದು ಮಿಲಿಆಂಪಿಗಿಂತ ಬಹಳ ಕಮ್ಮಿ, ಅದಕ್ಕೇ ಬರೀ ಜುಮ್. ಹಳೇ ಡಬ್ಬಿಯಲ್ಲಿ ಈ ಕೆಪಾಸಿಟರನ್ನೇ ಹಾಕಿರಲಿಲ್ಲ, ಆದ್ದರಿಂದ ಸುಮ್ಮನಿತ್ತು. ಜುಮ್ ಅನ್ನದಿರುವುದನ್ನು ಗುಣ ಅಂತ ತಿಳಿದು ಒಳ್ಳೆಯದನ್ನು ವಾಪಸ್ ಕೊಟ್ಟವರಿದ್ದಾರೆ.

ಹಾಗಂತ ಸಹಿಸಿಕೊಂಡು ಕೂರಬೇಡಿ. ಅರ್ಥ್ ಇಲ್ಲದ ಕಡೆ ಒಳಗಿನ ಇನ್ಸುಲೇಷನ್ ಯಾವತ್ತಾದರೂ ಸೋತರೆ ಕೇಸಿಗೆ ಪೂರ್ತಿ 230 ಬರುತ್ತೆ. ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆದರೆ ಫೇಸ್–ನ್ಯೂಟ್ರಲ್‌ನಷ್ಟೇ ಬರಬೇಕು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿಗಿಂತ ಹೆಚ್ಚಿರಬಾರದು. ಇಲ್ಲಿ ಸಾವಿರ ಅಡಿ ಕೊರೆದರೂ ನೀರು ಸಿಗದ ನೆಲ, ಬೇಸಿಗೆಯಲ್ಲಿ ಅರ್ಥ್ ಗುಂಡಿ ಪೂರ್ತಿ ಒಣಗಿರುತ್ತೆ. ಗುಂಡಿಗೆ ನೀರು ಹಾಕಿದ ಮೇಲೆ ಜುಮ್ ನಿಂತರೆ ರೋಗ ಎಲ್ಲಿದೆ ಅಂತ ಗೊತ್ತಾಯಿತು. ಗುಂಡಿಯೇ ಇಲ್ಲದಿದ್ದರೆ ಎಲೆಕ್ಟ್ರೀಷಿಯನ್ ಕರೆಸಿ. ನೀರಿನ ಪೈಪಿಗೆ ವೈರ್ ಸುತ್ತುವುದು, ನ್ಯೂಟ್ರಲ್ಲನ್ನೇ ಅರ್ಥ್‌ಗೆ ಸೇರಿಸುವುದು ಎರಡೂ ಕೊಲೆಗೆ ಸಮ. ಜುಮ್ ಬದಲು ಕೈ ಎಳೆದುಕೊಳ್ಳುವಂಥ ಹೊಡೆತ ಬಂದರೆ ತಕ್ಷಣ ಮೇನ್ ಆಫ್ ಮಾಡಿ.

ಸದ್ದು, ವಾಸನೆ, ಹಲ್ಲಿ

ಗರಗರ ಸದ್ದು ಫ್ಯಾನ್ ಬೇರಿಂಗಿನದು. ಸಣ್ಣಗೆ ಕೀ ಅನ್ನುವುದು ಕಾಯಿಲ್ಲಿನದು, ಅಪಾಯವಿಲ್ಲ. ಚಟಚಟ ಅಂದರೆ ಎಲ್ಲೋ ಕಿಡಿ ಹಾರುತ್ತಿದೆ, ಆಫ್ ಮಾಡಿ. ಮೀನು ಕೊಳೆತಂಥ ವಾಸನೆ ಸೋರಿದ ಕೆಪಾಸಿಟರಿನದಿರಬಹುದು.

ಮಾಲೂರಿನ ಇಟ್ಟಿಗೆ ಗೂಡುಗಳ ಧೂಳು, ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗಳ ಹಬೆ, ಇವೆರಡೂ ಎಸ್‌ಎಂಪಿಎಸ್‌ಗೆ ಆಗಿಬರುವುದಿಲ್ಲ. ಮಳೆಗಾಲದಲ್ಲಿ ಕಟ್ಟಿಕೊಂಡ ಧೂಳು ತೇವ ಹೀರಿ ಕರೆಂಟು ಹಾಯಿಸುತ್ತೆ. ಬೆಚ್ಚನೆ ಜಾಗ ಹುಡುಕಿ ಒಳಗೆ ನುಗ್ಗುವ ಹಲ್ಲಿ ಹೈವೋಲ್ಟೇಜ್ ಭಾಗದಲ್ಲಿ ಅಡ್ಡ ಬಿದ್ದರೆ ಅದರ ಜೊತೆ ಸ್ವಿಚಿಂಗ್ ಟ್ರಾನ್ಸಿಸ್ಟರ್‌ಗಳೂ ಹೋಗುತ್ತವೆ. ಹಿಂದೆ ಖಾಲಿ ಬಿಟ್ಟ ಕಾರ್ಡಿನ ಕಿಂಡಿಗಳನ್ನು ಮುಚ್ಚಿ.

ತೆರೆಯದೇ ಒಳಗೆ ಇಣುಕುವುದು

ಪ್ಲಗ್ ಕಿತ್ತು, ಫ್ಯಾನ್ ಜಾಲರಿಯಿಂದ ಟಾರ್ಚ್ ಬಿಟ್ಟು ನೋಡಿ. ಪವರ್ ಕೇಬಲ್ ಸಿಕ್ಕಿಸುವ ಕಡೆ ಆಯತಾಕಾರದ ಹಳದಿ ಡಬ್ಬಿಯಂಥ ಎಕ್ಸ್ ಕೆಪಾಸಿಟರ್, ತಾಮ್ರದ ತಂತಿ ಸುತ್ತಿದ ಕಾಯಿಲ್, ನೀಲಿ ಬಿಲ್ಲೆಯಂಥ ವೈ ಕೆಪಾಸಿಟರ್ ಇರಬೇಕು. ಬೋರ್ಡಿನ ಮೇಲೆ ಅವುಗಳ ಜಾಗ ಬಿಳಿ ಗೆರೆಯಲ್ಲಿ ಬರೆದಿದ್ದು, ಭಾಗದ ಬದಲು ಬರೀ ತಂತಿ ತುಂಡು ಬೆಸೆದಿದ್ದರೆ ಗಲಿಬಿಲಿ ಅಲೆ ತಡೆಯುವ ಫಿಲ್ಟರ್ ಇಲ್ಲ ಅಂತ ಅರ್ಥ. ಇದೊಂದನ್ನು ನೋಡಿದರೆ ಮಿಕ್ಕಿದ್ದನ್ನು ಊಹಿಸಬಹುದು, ಎದುರಿಗೆ ಕಾಣುವಲ್ಲೇ ಕದ್ದವರು ಮರೆಯಲ್ಲಿ ಬಿಟ್ಟಾರೆಯೇ?

ನಡುವೆ ಹಳದಿ ಟೇಪ್ ಸುತ್ತಿದ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುತ್ತೆ. ಮೇಲೆ 28, 33, 35 ಅಂತ ಅಳತೆ ಬರೆದಿರುವುದುಂಟು. 28ರ ಟ್ರಾನ್ಸ್‌ಫಾರ್ಮರ್ ಇಟ್ಟು ಹೊರಗೆ 450 ವಾಟ್ ಅಂತ ಅಂಟಿಸಿದ್ದರೆ ಆ ಲೇಬಲ್ಲನ್ನು ನಂಬಬೇಡಿ. ಹೀಟ್‌ಸಿಂಕ್ ಬರೀ ಅಲ್ಯೂಮಿನಿಯಂ ತಗಡಾ, ರೆಕ್ಕೆಗಳಿವೆಯಾ ನೋಡಿ. ಹೊರಗಿನ ವೈರಿನ ಮೇಲೆ 18 ಎಡಬ್ಲ್ಯೂಜಿ ಅಂತ ಅಚ್ಚಾಗಿರಬೇಕು. 20, 22 ಅಂದರೆ ವೈರ್ ಸಣ್ಣದು, ಸಂಖ್ಯೆ ಏರಿದಷ್ಟೂ ತಂತಿ ತೆಳು.

80 ಪ್ಲಸ್ ಅನ್ನುವ ಗುರುತು ಹೇಳುವುದು ಎಷ್ಟು ಕರೆಂಟು ಪೋಲಾಗುವುದಿಲ್ಲ ಅನ್ನುವುದನ್ನು ಮಾತ್ರ. ಕೆಪಾಸಿಟರ್ ಯಾವುದು, ಬೆಸುಗೆ ಹೇಗಿದೆ ಅಂತ ಅದು ಹೇಳುವುದಿಲ್ಲ. ಆದರೂ ಆ ಅಂಕ ಮುಟ್ಟಲು ತೀರಾ ಕಳಪೆ ಮಾಲಿನಿಂದ ಆಗದು, ಅಷ್ಟರಮಟ್ಟಿಗೆ ಉಪಯೋಗವಿದೆ.

ತೆರೆಯಲೇಬೇಕಾದವರಿಗೆ

ವಾರಂಟಿ ಸ್ಟಿಕರ್ ಇದ್ದರೆ ಇಲ್ಲಿಗೇ ನಿಲ್ಲಿಸಿ, ಬಿಲ್ ಹುಡುಕಿ.

ಪ್ಲಗ್ ಕಿತ್ತು ಕಾಲು ಗಂಟೆ ಬಿಟ್ಟು ತೆರೆಯಿರಿ. ದೊಡ್ಡ ಕೆಪಾಸಿಟರಿನ ಕಾಲುಗಳ ಮೇಲೆ ಮೀಟರ್ ಇಟ್ಟು ಡಿಸಿ ವೋಲ್ಟೇಜ್ ಅಳೆಯದೇ ಏನನ್ನೂ ಮುಟ್ಟಬೇಡಿ. ಉಳಿದಿದ್ದರೆ ಹೋಲ್ಡರಿನಲ್ಲಿ ಹಾಕಿದ 100 ವಾಟ್ ಬಲ್ಬಿನ ಮೂಲಕ ಇಳಿಸಿ, ಮತ್ತೆ ಅಳೆಯಿರಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಶೋಕಿ ಬೇಡ.

ಫ್ಯೂಸ್ ಹೋಗಿದ್ದರೆ ಅದು ರೋಗವಲ್ಲ, ರೋಗದ ಗುರುತು. ಬ್ರಿಡ್ಜ್ ಡಯೋಡ್, ಸ್ವಿಚಿಂಗ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರುತ್ತೆ. ಫ್ಯೂಸಿನ ಜಾಗದಲ್ಲಿ ತಂತಿ ಎಳೆ ಕಟ್ಟಬೇಡಿ. ಬದಲಿಸಿದ ಮೇಲೆ ಮೊದಲ ಸಲ ಸೀರೀಸ್ ಬಲ್ಬಿನ ಮೂಲಕವೇ ಕರೆಂಟು ಕೊಡಿ: ಬಲ್ಬ್ ಒಮ್ಮೆ ಮಿಂಚಿ ಆರಿದರೆ ಸರಿ, ಪೂರ್ತಿ ಬೆಳಗುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ.

ಔಟ್‌ಪುಟ್ ಕಡೆಯ ಕೆಪಾಸಿಟರ್‌ಗಳ ತಲೆ ಉಬ್ಬಿದೆಯಾ, ಬುಡ ಸೋರಿದೆಯಾ ನೋಡಿ. ಬುಡದ ಕಂದು ಅಂಟೆಲ್ಲ ಸೋರಿಕೆಯಲ್ಲ, ಫ್ಯಾಕ್ಟರಿಯಲ್ಲಿ ಹಾಕಿದ ಗಮ್ಮೂ ಇರಬಹುದು. ಆದರೆ ಆ ಗಮ್ ಬಿಸಿಗೆ ಸುಟ್ಟು ಕಪ್ಪಾದರೆ ಕರೆಂಟು ಹಾಯಿಸುತ್ತೆ, ಕೆರೆದು ತೆಗೆಯಿರಿ. ನಿಪ್ಪಾನ್ ಕೆಮಿಕಾನ್, ರೂಬಿಕಾನ್, ನಿಚಿಕಾನ್, ಪ್ಯಾನಸೋನಿಕ್ ಹೆಸರು ಕಂಡರೆ ತಯಾರಿಸಿದವರು ಕಾಸು ಬಿಚ್ಚಿದ್ದಾರೆ ಅಂತ ಲೆಕ್ಕ. ಅನುಮಾನ ಬಂದರೆ ಬಿಚ್ಚಿ ಅಳೆಯಿರಿ. ಹೊರಗೆ 470 ಬರೆದು ಒಳಗೆ 220 ಇಟ್ಟ ನಕಲಿಗಳೂ ಬರುತ್ತವೆ. ಶೇಕಡ 20ರಷ್ಟು ಆಚೀಚೆ ಸಹಜ, ಅರ್ಧಕ್ಕರ್ಧ ಸಹಜವಲ್ಲ.

ಕೆಪಾಸಿಟರ್ ಸಾಲಿನಲ್ಲಿ ಖಾಲಿ ಬಿಟ್ಟ ಜಾಗಗಳನ್ನು ಎಣಿಸಿ. ಎರಡು ಕೆಪಾಸಿಟರ್ ನಡುವೆ ಇರಬೇಕಾದ ಸಣ್ಣ ಕಾಯಿಲ್ ಬದಲು ತಂತಿ ಇದ್ದರೆ ಔಟ್‌ಪುಟ್ ಡಿಸಿಯಲ್ಲಿ ಅಲೆ ಹೆಚ್ಚು, ಅದು ಮದರ್‌ಬೋರ್ಡಿನ ಕೆಪಾಸಿಟರ್‌ಗಳನ್ನೂ ತಿನ್ನುತ್ತೆ. ಟಿಎಲ್ 494 ಅಥವಾ ಕೆಎ 7500 ಐಸಿ ಕಂಡರೆ ಹಳೇ ಹಾಫ್ ಬ್ರಿಡ್ಜ್ ವಿನ್ಯಾಸ. ಅದೇ ಒಂದು ದೋಷವಲ್ಲ. ಆದರೆ ವೋಲ್ಟೇಜ್ ಮೇಲೆ ಹಾರಿದಾಗ ಆಫ್ ಮಾಡುವ ಕಾವಲು ಸರ್ಕ್ಯೂಟ್ ಜೊತೆಯಲ್ಲಿದೆಯಾ ಹುಡುಕಿ. ಅದಿಲ್ಲದ ಎಸ್‌ಎಂಪಿಎಸ್ ಸಾಯುವಾಗ ಬೋರ್ಡು, ಡಿಸ್ಕು ಎಲ್ಲವನ್ನೂ ಜೊತೆಗೆ ಕರೆದೊಯ್ಯುತ್ತೆ.

ಫ್ಯಾನ್, ಒಂದೆರಡು ಕೆಪಾಸಿಟರ್, ಫ್ಯೂಸ್ ಜೊತೆ ಟ್ರಾನ್ಸಿಸ್ಟರ್: ಇಷ್ಟಾದರೆ, ಮೂಲ ಬೋರ್ಡು ಗಟ್ಟಿಯಿದ್ದರೆ, ರಿಪೇರಿ ಮಾಡಿಸಿ. ಫಿಲ್ಟರೂ ಇಲ್ಲ, ಕಾವಲೂ ಇಲ್ಲ ಅನ್ನುವುದಾದರೆ ಕೆಪಾಸಿಟರಿಗೆ ಸುರಿಯುವ ದುಡ್ಡು ದಂಡ. ಎಸ್‌.ಪಿ. ರೋಡಿಗೆ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಹೋಗಿ ಹೊಸದು ತರುವವರು ಬಿಐಎಸ್ ಗುರುತು, 12 ವೋಲ್ಟಿನ ಆಂಪ್, ಇನ್‌ಪುಟ್ ವೋಲ್ಟೇಜ್ ಮೂರನ್ನೂ ಲೇಬಲ್ ಮೇಲೆ ಓದಿಯೇ ದುಡ್ಡು ಕೊಡಿ. ಬಿಚ್ಚಿ ಹಾಕುವ ಕೇಬಲ್ಲಿನ ಮಾಡ್ಯುಲರ್ ಮಾಡೆಲ್ ತಂದರೆ ಹಳೇ ಎಸ್‌ಎಂಪಿಎಸ್‌ನ ಕೇಬಲ್‌ಗಳನ್ನು ಪೂರ್ತಿ ತೆಗೆದಿಡಿ. ಎಸ್‌ಎಂಪಿಎಸ್ ಕಡೆಯ ಪಿನ್‌ಗಳ ಜೋಡಣೆ ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯ ಮಾಡೆಲ್‌ಗಳ ನಡುವೆಯೂ ಬೇರೆ ಇರುತ್ತೆ. ಸರಿಯಾಗಿ ಕೂತಿತು ಅಂತ ಹಳೇ ಕೇಬಲ್ಲನ್ನೇ ಬಳಸಿದರೆ 5 ವೋಲ್ಟಿನ ಜಾಗಕ್ಕೆ 12 ಹೋಗಿ ಹಾರ್ಡ್‌ಡಿಸ್ಕ್ ಅಲ್ಲೇ ಸುಡುತ್ತೆ.